ಷಡ್ಡಕರ ಹೊರಗಿನ ಡಬ್ಬಿ

ನನ್ನ ಹೊಟ್ಟೆ ಉರಿಸುವುದಕ್ಕೆಂದೇ ದೇವರು ರಾಣೆಬೆನ್ನೂರಿನಲ್ಲಿ ಒಬ್ಬ ಮನುಷ್ಯನನ್ನು ಇಟ್ಟಿದ್ದಾನೆ. ತಮಾಷೆ ನೋಡಿ, ಆ ಮನುಷ್ಯನ ಮನೆಯಲ್ಲಿರುವುದು ತಂಪು ಮಾಡುವ ಯಂತ್ರ! ಅದು ಬಂದವರನ್ನೆಲ್ಲ ತಂಪಾಗಿಸುತ್ತದೆ, ನನ್ನೊಬ್ಬನನ್ನು ಬಿಟ್ಟು.

ಅವರು ನನ್ನ ಷಡ್ಡಕರು. ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಲೋಕದಲ್ಲಿ ಅತ್ತೆಯನ್ನು ಸಹಿಸಬಹುದು, ಭಾವಮೈದುನನನ್ನು ಸಹಿಸಬಹುದು. ಷಡ್ಡಕನನ್ನು ಸಹಿಸುವುದು ಮಾತ್ರ ಸಾಧುಸಂತರಿಗೂ ಕಷ್ಟ. ಏಕೆಂದರೆ ಒಂದೇ ಅತ್ತೆಯ ತಕ್ಕಡಿಯಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿರುತ್ತಾರೆ. ಅವರ ಕಡೆ ಕೆಳಗಿಳಿಯಿತೆಂದರೆ ನಾನು ಆಕಾಶದಲ್ಲಿ ಕಾಲು ಬಡಿಯುತ್ತ ಕೂರಬೇಕು. ನಾನು ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಬಸ್ಸು ಬಂತು, ಬಸ್ಸು ಹೋಯಿತು ಎಂದು ಕೂಗುವವನು. ಅವರು ಕುಮಾರಪಟ್ಟಣದ ನದಿ ದಂಡೆಯ ದೊಡ್ಡ ಕಾರ್ಖಾನೆಯಲ್ಲಿ ಫೋರ್‌ಮನ್. ತಕ್ಕಡಿ ಯಾವ ಕಡೆ ಇಳಿಯುತ್ತದೆ, ನೀವೇ ಹೇಳಿ!

ಇಷ್ಟು ಸಾಲದೆಂದು ತೊಂಬತ್ತರ ಆಸುಪಾಸಿನಲ್ಲಿ ಆ ಯಂತ್ರ ಬಂತು. ಕಾರ್ಖಾನೆಯ ಕಾಲೋನಿಯಲ್ಲಿದ್ದ ಪರದೇಶದ ಇಂಜಿನಿಯರ್ ಒಬ್ಬರು ತಮ್ಮ ನಾಡಿಗೆ ಹೊರಟಾಗ, ಸಮುದ್ರ ದಾಟಿಸುವ ಉಸಾಬರಿ ಯಾಕೆಂದು ಅದನ್ನು ನಮ್ಮ ಷಡ್ಡಕರಿಗೆ ಕೊಟ್ಟುಹೋದರು. ಎರಡು ಡಬ್ಬಿಯ ಯಂತ್ರ. ಒಂದು ಕೋಣೆಯ ಒಳಗೆ, ಇನ್ನೊಂದು ಮನೆಯ ಹೊರಗೆ, ನಡುವೆ ತಾಮ್ರದ ಪೈಪು. ಒಳಗಿನದು ಗಾಳಿ ಬಿಡುವುದಷ್ಟೇ; ದುಡಿಯುವುದೆಲ್ಲ ಹೊರಗಿನದು. ಅದರ ಇನ್ನೊಂದು ಮಹಿಮೆಯೆಂದರೆ, ಗುಂಡಿ ಒಂದು ಕಡೆ ತಿರುಗಿಸಿದರೆ ಬೇಸಿಗೆಗೆ ತಂಪು, ಇನ್ನೊಂದು ಕಡೆ ತಿರುಗಿಸಿದರೆ ಚಳಿಗಾಲಕ್ಕೆ ಬಿಸಿ. ನಮ್ಮ ಮನೆಯಲ್ಲಿ ಒಂದು ಟೇಬಲ್ ಫ್ಯಾನ್ ಇತ್ತು. ಅದಕ್ಕೆ ಗುಂಡಿಯೇ ಇರಲಿಲ್ಲ, ಬಿದ್ದುಹೋಗಿತ್ತು.

ಷಡ್ಡಕರ ಮನೆಗೆ ನೆಂಟರು ಬಂದರೆ ಕಾಲಿಗೆ ನೀರು ಕೊಡುವ ಮೊದಲು ಹಿತ್ತಿಲಿಗೆ ಕರೆದೊಯ್ಯುತ್ತಿದ್ದರು. ಹೊರಗಿನ ಡಬ್ಬಿಯ ದರ್ಶನ ಮಾಡಿಸಿ, ಅದರ ಸ್ಥಳಪುರಾಣ ಹೇಳಿದ ಮೇಲೆಯೇ ಚಹಾ.

ಅದನ್ನು ಕೂರಿಸಿದ ದಿನ ನಾನಿದ್ದೆ. ಹೆಂಡತಿ "ಒಂದೀಟು ಕೈ ಹಚ್ಚಿ ಬರ್ರಿ" ಎಂದು ಅಟ್ಟಿದ್ದಳು. ಹೋಗಿ ನೋಡಿದರೆ ಷಡ್ಡಕರು ತಲೆಗೆ ಕಾರ್ಖಾನೆಯ ಹೆಲ್ಮೆಟ್ ಹಾಕಿ, ಸೊಂಟಕ್ಕೆ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ಬೇವಿನ ಗಿಡಕ್ಕೆ ಬಿಗಿದುಕೊಂಡಿದ್ದರು. ಕೆಲಸ ನಡೆದಿದ್ದು ಮೊಣಕಾಲೆತ್ತರದ ಕಟ್ಟೆಯ ಮೇಲೆ!

"ಅಣ್ಣಾರ, ಇಲ್ಲಿಂದ ಬಿದ್ರ ಎಲ್ಲಿಗಂತ ಬೀಳ್ತೀರಿ?" ಎಂದೆ.

"ತಮ್ಮಾ, ಬೀಳೋ ಮನಷ್ಯಾ ಎತ್ತರ ಅಳದು ಬೀಳೂದಿಲ್ಲ" ಎಂದರು. "ನೀ ಚಪ್ಪಲಿ ಬಿಟ್ಟು ಬೂಟು ಹಾಕ್ಕೊಂಡು ಬಾ."

ನನ್ನ ಬಳಿ ಬೂಟು ಇರಲಿಲ್ಲ. ಹಾಗಾಗಿ ನನ್ನನ್ನು ದೂರ ನಿಲ್ಲಿಸಿದರು. ಅವರು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಕಟ್ಟೆಯ ಮಟ್ಟ ನೋಡಿದರು, ಡಬ್ಬಿಯ ಕಾಲುಗಳ ಕೆಳಗೆ ರಬ್ಬರ್ ತುಂಡು ಇಟ್ಟರು, ಅದು ನಡುಗಿ ಗೋಡೆಯನ್ನು ನಡುಗಿಸಬಾರದಂತೆ. ಗೋಡೆಗೂ ಡಬ್ಬಿಗೂ ನಡುವೆ ಒಂದು ಗೇಣಿಗಿಂತ ಹೆಚ್ಚು ಜಾಗ ಬಿಟ್ಟರು, ಬೆನ್ನಿನಿಂದ ಉಸಿರು ಎಳೆದುಕೊಳ್ಳಲು. ಆಮೇಲೆ ಸೋರಿದ ಕರೆಂಟು ನೆಲಕ್ಕಿಳಿಯುವ ಅರ್ಥಿಂಗಿಗೆಂದು ಗುಂಡಿ ತೋಡಿ ಉಪ್ಪು, ಇದ್ದಿಲು ತುಂಬಿದರು. ಗ್ಯಾಸು ತುಂಬುವುದಕ್ಕೆ ಮಾತ್ರ ಹುಬ್ಬಳ್ಳಿಯಿಂದ ಮೆಕ್ಯಾನಿಕ್‌ನನ್ನು ಕರೆಸಿದ್ದರು. ಇಷ್ಟೆಲ್ಲ ಬಲ್ಲವರು ಅದನ್ನೇಕೆ ಮಾಡಲಿಲ್ಲವೆಂದು ಕೇಳಿದರೆ, "ನಮಗ ಬರದಿದ್ದ ಕೆಲಸಾ ಮಾಡದ ಇರೂದೂ ಒಂದು ಕೆಲಸ" ಎಂದರು. ಮನೆಗೆ ಬಂದು ಆ ಮಾತು ಹೇಳಿದಾಗ ನನ್ನ ಹೆಂಡತಿಯ ಮುಖ ಅರಳಿದ್ದನ್ನು ನೋಡಬೇಕಿತ್ತು! ನಾನು ಇಂಥ ನೂರು ಮಾತು ಆಡಿದ್ದೇನೆ, ಒಮ್ಮೆಯೂ ಅರಳಿಲ್ಲ.

ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಬಾರದಂತೆ. ಬೆಳಿಗ್ಗೆ ಎದ್ದವರೇ ಷಡ್ಡಕರು ಒಂದು ತಂಬಿಗೆ ನೀರು ಹಿಡಿದು ಹಿತ್ತಿಲಿಗೆ ಹೋಗುತ್ತಿದ್ದರು. ಪಕ್ಕದ ಮನೆಯ ಅಜ್ಜಿ ಅಲ್ಲಿ ಯಾವುದೋ ನಾಗಪ್ಪನ ಕಲ್ಲಿದೆಯೆಂದು ತಿಳಿದು, ಕಾಂಪೌಂಡಿನ ಆಚೆಯಿಂದ ಎರಡು ಹೂವು ಎಸೆದು ಕೈಮುಗಿಯುತ್ತಿದ್ದಳು.

ಇನ್ನು ಫ್ಯೂಜಿನ ಕಥೆ. ಡಬ್ಬಿಯನ್ನು ಒರೆಸುವ ಮೊದಲು ಷಡ್ಡಕರು ಮೀಟರ್ ಬೋರ್ಡಿನಿಂದ ಫ್ಯೂಜ್ ಕಿತ್ತು ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ತಾವು ಒಳಗೆ ಕೈ ಹಾಕಿದಾಗ ಯಾರೋ ಪುಣ್ಯಾತ್ಮರು ಬಟನ್ ಒತ್ತಿದರೆ? ಇದು ಕಾರ್ಖಾನೆಯ ಪದ್ಧತಿ. ಬಾಗಿಲಿಗೆ "ಮನುಷ್ಯರು ಕೆಲಸ ಮಾಡುತ್ತಿದ್ದಾರೆ" ಎಂಬ ಬೋರ್ಡನ್ನೂ ತೂಗುಹಾಕುತ್ತಿದ್ದರು. ಒಂದು ಸಲ ಕೆಲಸ ಮುಗಿಸಿ, ಅದೇ ಅಂಗಿಯಲ್ಲಿ ಶಿಫ್ಟಿಗೆ ಹೋಗಿಬಿಟ್ಟರು. ಮನೆಯಲ್ಲಿ ಫ್ಯಾನಿಲ್ಲ, ಮಿಕ್ಸರ್ ಇಲ್ಲ, ನೀರೆತ್ತುವ ಮೋಟರ್ ಇಲ್ಲ. ಅವರ ಹೆಂಡತಿ ಒರಳುಕಲ್ಲಿನಲ್ಲಿ ಚಟ್ನಿ ರುಬ್ಬುತ್ತ ಸಂಜೆಯವರೆಗೆ ಕಾದರು. ಷಡ್ಡಕರು ಬಂದವರೇ ಕಿಸೆ ಮುಟ್ಟಿಕೊಂಡು ಏನೆಂದರು ಗೊತ್ತೇ? "ನೋಡಿದ್ಯಾ, ಇವತ್ತು ನಮ್ಮ ಮನಿಯಾಗ ಯಾರಿಗೂ ಶಾಕ್ ಹೊಡೀಲಿಲ್ಲ!"

ಇಂಥ ಮನುಷ್ಯನನ್ನು ನನ್ನ ಅತ್ತೆಯವರು ಹೊಗಳುತ್ತಿದ್ದರು. "ದೊಡ್ಡ ಅಳಿಯಂದ್ರದು ಎಲ್ಲಾ ಶಿಸ್ತು" ಎಂದು ಬ್ಯಾಡಗಿಯ ತುಂಬ ಹೇಳಿಕೊಂಡು ಬರುತ್ತಿದ್ದರು. ಸಣ್ಣ ಅಳಿಯನ ವಿಷಯ ಬಂದರೆ "ಅವ್ರೂ ಛಲೋನ ಅದಾರ" ಎನ್ನುತ್ತಿದ್ದರು. ಆ 'ಛಲೋನ ಅದಾರ'ದ ಕೊನೆಗೆ ಒಂದು ನಿಟ್ಟುಸಿರು ಇರುತ್ತಿತ್ತು. ನಾನು ಛಲ ಹಿಡಿದು ಹಾವೇರಿಯ ಪೇಟೆಯಿಂದ ನೀರು ಹಾಕುವ ಕೂಲರ್ ತಂದೆ. ಅದು ತಂಪಿಗಿಂತ ಹೆಚ್ಚಾಗಿ ತೇವವನ್ನೇ ಕೊಟ್ಟಿತು. ಹಾಸಿಗೆ ಒದ್ದೆ, ಗೋಡೆ ಒದ್ದೆ, ಡಬ್ಬಿಯಲ್ಲಿದ್ದ ಹಪ್ಪಳ ಮೆತ್ತಗೆ. "ಏನ್ರಿ, ಇದನ್ನ ಹಚ್ಚಿದ್ರ ಬಟ್ಟೀ ಒಗೀಬೇಕಂತಿಲ್ಲ, ಹಿಂಡಿದ್ರ ಸಾಕು" ಎಂದಳು ಹೆಂಡತಿ.

ಆದರೆ ದೇವರು ಒಮ್ಮೊಮ್ಮೆ ನನ್ನ ಕಡೆಗೂ ನೋಡುತ್ತಾನೆ. ಆ ಬೇಸಿಗೆಯಲ್ಲಿ ಅತ್ತೆಯವರು ವರ್ಷದ ಖಾರ ಕುಟ್ಟಿಸಲೆಂದು ಬ್ಯಾಡಗಿಯಿಂದ ಒಂದು ಚೀಲ ಮೆಣಸಿನಕಾಯಿ ಹೊತ್ತುಕೊಂಡು ರಾಣೆಬೆನ್ನೂರಿಗೆ ಬಂದರು. ಒಳಗೆ ತಂಪು ಮಾಡುವಾಗ ಹೊರಗಿನ ಡಬ್ಬಿ ಬಿಸಿಗಾಳಿ ಉಗುಳುತ್ತದೆಂಬುದನ್ನು ಅವರು ಬಂದ ದಿನವೇ ಕಂಡುಹಿಡಿದರು. ಬ್ಯಾಡಗಿಯ ಹೆಣ್ಣುಮಗಳು ಬಿಸಿಗಾಳಿಯನ್ನು ಸುಮ್ಮನೆ ಹೋಗಗೊಡುತ್ತಾಳೆಯೇ? ಅಳಿಯ ಕಾರ್ಖಾನೆಗೆ ಹೋದದ್ದೇ ತಡ, ಡಬ್ಬಿಯ ಮುಂದೆ ಚಾಪೆ ಹಾಸಿ, ತೊಟ್ಟು ಮುರಿದ ಮೆಣಸಿನಕಾಯಿ ಹರಡಿದರು. ಗಾಳಿಗೆ ಬೀಜ, ಸಿಪ್ಪೆ, ಪುಡಿ ಎಲ್ಲ ಹಾರಿ, ಕಾಂಪೌಂಡ್ ಗೋಡೆಗೆ ಬಡಿದು, ತಿರುಗಿ ಬಂದು ಡಬ್ಬಿಯ ಬೆನ್ನಿಗೆ ಮೆತ್ತಿಕೊಂಡಿತು. ಉಸಿರು ಕಟ್ಟಿದ ಡಬ್ಬಿ ಸಂಜೆಗೆ ಗುರ್ರ್ ಎಂದು ನಿಂತುಹೋಯಿತು.

ಷಡ್ಡಕರು ಫ್ಯೂಜ್ ಕಿತ್ತರು, ಹೆಲ್ಮೆಟ್ ಹಾಕಿದರು, ಕನ್ನಡಕ ಹಾಕಿದರು. ಬ್ರಶ್ ಹಿಡಿದು ಡಬ್ಬಿಯ ಬೆನ್ನು ಉಜ್ಜಿದರು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದೊಂದನ್ನು ಮರೆತಿದ್ದರು! ಮೊದಲ ಸೀನಿಗೆ ಹೆಲ್ಮೆಟ್ ಹಾರಿತು. ಓಣಿಯವರೆಲ್ಲ ಕೆಮ್ಮುತ್ತ ಹೊರಗೆ ಬಂದು "ಯಾರ ಮನಿಯಾಗ್ರಿ ಖಾರ ಕುಟ್ಟಾಕತ್ತಾರ?" ಎಂದು ಕೇಳತೊಡಗಿದರು. ನಾನು ಈ ಸುದ್ದಿ ಕೇಳಿದ ದಿನ ಹಾವೇರಿಯಲ್ಲಿ ಎರಡು ಹೋಳಿಗೆ ಹೆಚ್ಚಿಗೆ ತಿಂದೆ.

ಮರುದಿನ ಹಿತ್ತಿಲಲ್ಲಿ ಹೊಸ ಬೋರ್ಡು ಬಂತು. "ಡಬ್ಬಿಯ ಮುಂದೆ ಹಪ್ಪಳ, ಸಂಡಿಗೆ, ಶಾವಿಗೆ, ಮೆಣಸಿನಕಾಯಿ ಒಣಗಿಸಬಾರದು." ಅಲ್ಲಿಯವರೆಗೆ ಓಣಿಯ ಹೆಂಗಸರಿಗೆ ಆ ವಿಚಾರವೇ ಹೊಳೆದಿರಲಿಲ್ಲ. ಬೋರ್ಡು ಓದಿದ ಮೇಲೆ ಒಬ್ಬೊಬ್ಬರಾಗಿ ಬಂದು, "ಶಾವಿಗಿ ಎಷ್ಟೊತ್ತಿನಾಗ ಒಣಗತಾವ್ರಿ?" ಎಂದು ಕೇಳಿದರು.

ಮುಂದೆ ನನ್ನ ಹೆಂಡತಿ ಬಸುರಿಯಾದಳು. ಇಲ್ಲಿಂದ ನನ್ನ ಹೊಟ್ಟೆಕಿಚ್ಚು ತಮಾಷೆಯ ಗಡಿ ದಾಟಿತು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಸರಿ. ಆದರೆ ದಿನ ತುಂಬುವುದು ಚಳಿಗಾಲದಲ್ಲಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ. ಅತ್ತೆಯವರ ಮನೆಯ ಹಿಂದೆಯೇ ಕಾಯಿ ಒಣಹಾಕುವ ಕಣ. ಆ ಘಾಟಿನಲ್ಲಿ ದೊಡ್ಡವರೇ ಕಣ್ಣೊರೆಸಿಕೊಳ್ಳುತ್ತಾರೆ, ಹಸಿಗೂಸು ಹೇಗೆ ತಡೆದೀತು? ಹಾಗಾದರೆ ಬಾಣಂತನ ನಮ್ಮ ಹಾವೇರಿ ಮನೆಯಲ್ಲೇ ಆಗಲಿ, ಅತ್ತೆಯವರು ಬಂದಿರಲಿ ಎಂದೆ ನಾನು. ನನ್ನ ಕೂಸು ನನ್ನ ಮನೆಯಲ್ಲಿ ಕಣ್ಣು ಬಿಡಬೇಕೆಂಬುದು ನನ್ನ ಆಸೆ. ಅದರಲ್ಲಿ ತಪ್ಪೇನಿದೆ? ಹಿಂದಿನ ಕೋಣೆಗೆ ಸುಣ್ಣ ಬಳಿಸಿದೆ. ಮಲಗಲು ಹೊಸ ಹೊರಸು ಹೆಣಿಸಿದೆ. ಬಾಣಂತಿಯನ್ನು ಬೆಚ್ಚಗಿಡಲು ಹೊರಸಿನ ಬುಡಕ್ಕೆ ಕೆಂಡ ಇಡಬೇಕಲ್ಲ, ಅದಕ್ಕೆ ದೊಡ್ಡ ಶೇಗಡಿ ತಂದೆ, ಇದ್ದಿಲು ತಂದೆ.

ಎಲ್ಲರೂ ನೋಡಲು ಬಂದ ದಿನ, ನನ್ನ ತಯಾರಿ ತೋರಿಸಲೆಂದು ಶೇಗಡಿ ಹಚ್ಚಿ ಬಾಗಿಲು, ಕಿಟಕಿ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಹೆಂಡತಿಗೆ ಕೆಮ್ಮು ಹತ್ತಿತು. ಷಡ್ಡಕರು ದಡಬಡನೆ ಎದ್ದು ಬಾಗಿಲು ತೆಗೆದರು.

"ತಮ್ಮಾ, ಬಾಗಲಾ ಮುಚ್ಚಿ ಕೆಂಡ ಇಟ್ರ ಜೀವಕ್ಕ ಅಪಾಯ. ಹೊಗಿ ಕಾಣದಿದ್ರೂ ಉಸಿರು ಕಟ್ಟತೈತಿ. ನಮ್ಮ ಮನಿಗೆ ಕಳಿಸಿ ಕೊಡು. ಬಿಸಿ ಮಾಡೋ ಮಷೀನ್ ಐತಿ, ಹೊಗಿ ಇಲ್ಲ, ಬೆಂಕಿ ಇಲ್ಲ."

ಅತ್ತೆಯವರೇ ನನ್ನ ರಕ್ಷಣೆಗೆ ಬಂದರು. "ಏನಂತ ಮಾತಾಡ್ತೀರಿ ಅಳಿಯಂದ್ರ? ಬಾಣಂತಿ ಕ್ವಾಣ್ಯಾಗ ತಂಪಿನ ಡಬ್ಬಿನ? ಆಕೀಗೆ ಸನ್ನಿ ಆಗಬೇಕನ?"

ನನಗೆ ಅತ್ತೆಯವರ ಕಾಲಿಗೆ ಬೀಳಬೇಕೆನಿಸಿತು. ಆದರೆ ಷಡ್ಡಕರು ಬಿಡುವ ಪೈಕಿಯೇ? ಮುಂದಿನ ಅಮಾವಾಸ್ಯೆಗೆ ಎಲ್ಲರನ್ನೂ ರಾಣೆಬೆನ್ನೂರಿಗೆ ಕರೆಸಿದರು. ಚಳಿ ಆಗಲೇ ಶುರುವಾಗಿತ್ತು. ಗುಂಡಿಯನ್ನು ಬಿಸಿಯ ಕಡೆ ತಿರುಗಿಸಿ, ಅತ್ತೆಯವರನ್ನು ಹಿತ್ತಿಲಿಗೆ ಕರೆದೊಯ್ದು ಡಬ್ಬಿಯ ಮುಂದೆ ಕೈ ಹಿಡಿಸಿದರು. ಅತ್ತೆಯವರು ಚಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡರು.

"ಅಯ್ಯ, ಬ್ಯಾಸಿಗ್ಯಾಗ ಬಿಸಿ ಬಿಡತಿತ್ತು, ಈಗ ಥಂಡಿ ಬಿಡತೈತಿ! ಮಾತಿಗೆ ತಪ್ಪೈತಿ ನೋಡ್ರಿ ಇದು."

"ಮಾತಿಗೆ ತಪ್ಪಿಲ್ರಿ, ಕೆಲಸ ತಿರುವಿ ಹಾಕೈತಿ" ಎಂದರು ಷಡ್ಡಕರು. "ಬ್ಯಾಸಿಗ್ಯಾಗ ಒಳಗಿನ ಬಿಸಿ ಎತ್ತಿ ಹೊರಗ ಹಾಕತೈತಿ. ಈಗ ಹೊರಗಿನ ಗಾಳ್ಯಾಗ ಇರೋ ಬಿಸಿ ಹಿಂಡಿ ಒಳಗ ಹಾಕತೈತಿ. ಹಿಂಡಿ ಉಳದ ಥಂಡಿ ನಿಮ್ಮ ಕೈಗೆ ಹತ್ತೈತಿ."

ಡಬ್ಬಿಯ ಬುಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಅತ್ತೆಯವರು ಬಗ್ಗಿ ನೋಡಿ, "ಪಾಪ, ಇದಕ್ಕ ನೆಗಡಿ ಆಗೈತಿ" ಎಂದರು. ಒಳಗೆ ಹೋಗಿ ಕೋಣೆಯಲ್ಲಿ ಕುಳಿತರು. ಎದ್ದು ಬರಲೇ ಇಲ್ಲ. ಹೋಗಿ ನೋಡಿದರೆ ಸೆರಗು ತಲೆಯಡಿ ಇಟ್ಟುಕೊಂಡು ನಿದ್ದೆ ಹೋಗಿದ್ದರು. ನನ್ನ ಶೇಗಡಿ ಸೋತಿತು.

ಹೀಗೆ ನನ್ನ ಮಗಳು ರಾಣೆಬೆನ್ನೂರಿನಲ್ಲಿ ಹುಟ್ಟಿದಳು. ಹುಟ್ಟುವಾಗ ಬಲು ಸಣ್ಣ. ದಿನ ತುಂಬುವ ಮೊದಲೇ ಬಂದ ಕೂಸು, ಅಂಗೈಯಲ್ಲಿ ಹಿಡಿಯುವಷ್ಟು. ದವಾಖಾನೆಯಿಂದ ಕಳಿಸುವಾಗ ಡಾಕ್ಟರು, "ಈ ಕೂಸಿಗೆ ಔಷಧಕ್ಕಿಂತ ಬೆಚ್ಚಗಿಡೂದು ಮುಖ್ಯ. ಚಳಿ ಬಡೀಬಾರದು" ಎಂದರು. ಆ ಹೊತ್ತಿನಲ್ಲಿ ನನಗೆ ಷಡ್ಡಕರ ಯಂತ್ರದ ಮೇಲೆ ಬಂದ ಭಕ್ತಿ ಯಾವ ದೇವರ ಮೇಲೂ ಬಂದಿರಲಿಲ್ಲ. ಆದರೆ ಭಕ್ತಿಯ ಜೊತೆಗೇ ಹೊಟ್ಟೆಕಿಚ್ಚೂ ಇತ್ತು. ಅದೇನು ಬಿಟ್ಟುಹೋಗುವ ಸ್ವಭಾವದ್ದೇ?

ಆ ಚಳಿಗಾಲವಿಡೀ ಷಡ್ಡಕರು ಹಿತ್ತಿಲಿನಲ್ಲೇ ಬದುಕಿದರು. ಕಾರ್ಖಾನೆಯಿಂದ ಬಂದವರೇ ಡಬ್ಬಿಯ ಬೆನ್ನಿಗೆ ಅಂಟಿದ ಬೇವಿನ ಎಲೆ ತೆಗೆಯುವರು. ತೊಟ್ಟಿಕ್ಕುವ ನೀರಿಗೆ ಸಣ್ಣ ಕಾಲುವೆ ಮಾಡಿದರು, ಯಾರೂ ಜಾರಿ ಬೀಳಬಾರದಲ್ಲ. ಕರೆಂಟು ಹೋಗಿ ಬಂದರೆ ಕೂಡಲೇ ಬಟನ್ ಒತ್ತಲು ಬಿಡುತ್ತಿರಲಿಲ್ಲ, ಯಂತ್ರ ದಣಿವಾರಿಸಿಕೊಳ್ಳಬೇಕಂತೆ. ಅಷ್ಟು ಹೊತ್ತು ಅತ್ತೆಯವರು ಕೂಸನ್ನು ಎದೆಗೆ ಅವಚಿಕೊಂಡು ಕೂರುತ್ತಿದ್ದರು, ಷಡ್ಡಕರು ಹೊರಗಿನ ಕಿಟಕಿಯಿಂದ, "ಅಂಜಬ್ಯಾಡ ತಂಗಿ, ಈಗ ಹಚ್ಚತೇನಿ, ಈಗ ಹಚ್ಚತೇನಿ" ಎನ್ನುತ್ತಿದ್ದರು. ಯಾರಿಗೆ ಹೇಳುತ್ತಿದ್ದರೋ! ಕೂಸಿಗೋ, ಯಂತ್ರಕ್ಕೋ?

ನಾನು ರಜೆ ಸಿಕ್ಕಾಗಲೆಲ್ಲ ಹಾವೇರಿಯಿಂದ ಓಡಿಬರುತ್ತಿದ್ದೆ. ಬಂದರೆ ಷಡ್ಡಕರ ಕಾಯಿದೆ. ಕೈಕಾಲು ತೊಳೆ, ಅಂಗಿ ಬದಲಿಸು, ಬಾಗಿಲು ಲಗೂನ ಹಾಕು. ನನ್ನ ಮಗಳನ್ನು ನೋಡಲು ನನಗೇ ಇಷ್ಟು ಕಟ್ಟುಪಾಡು! ಎತ್ತಿಕೊಂಡರೆ ಅವಳು ಅಳುತ್ತಿದ್ದಳು. ಮೀಸೆ ಚುಚ್ಚಿತೋ, ಬಸ್ ಸ್ಟ್ಯಾಂಡಿನ ದನಿ ಹೆದರಿಸಿತೋ ತಿಳಿಯದು. ಆಗ ಕಿಟಕಿಯಾಚೆಯಿಂದ ಷಡ್ಡಕರು ಕೆಮ್ಮಿದರೆ ಸಾಕು, ಅಳು ನಿಲ್ಲುತ್ತಿತ್ತು. ಆ ಕಡೆ ತಲೆ ತಿರುಗಿಸುತ್ತಿದ್ದಳು. ಕೂಸು ಮೊದಲು ನಕ್ಕಿದ್ದೂ ಆ ಕಿಟಕಿಗೇ! ಹೆಂಡತಿ ಅಂಟಿನುಂಡೆ ಮೆಲ್ಲುತ್ತ, "ಭಾವಾರ ದನಿ ಅಂದ್ರ ಜೀವ ನೋಡ್ರಿ ಇದಕ್ಕ" ಎಂದಳು. ನನಗೆ ಆ ಉಂಡೆಯನ್ನು ಕಸಿದುಕೊಂಡು ತಿನ್ನಬೇಕೆನಿಸಿತು. ಹೆಂಡತಿ ಅವರನ್ನು ಹೊಗಳಿದ್ದನ್ನು ಸಹಿಸಿದ್ದೆ, ಅತ್ತೆ ಹೊಗಳಿದ್ದನ್ನು ಸಹಿಸಿದ್ದೆ. ಮಗಳೂ ಆ ಕಡೆ ಸೇರಿದರೆ ನನ್ನ ಪಾಲಿಗೆ ಉಳಿಯುವವರು ಯಾರು?

ಚಳಿ ಇಳಿಯಿತು. ಮಗಳು ಮೈಕೈ ತುಂಬಿಕೊಂಡಳು. ಹಾವೇರಿಗೆ ಕರೆದೊಯ್ಯುವ ದಿನ ನಾನು ಹೊಸ ಅಂಗಿ ಹಾಕಿಕೊಂಡು, ಗೆದ್ದವನ ಹಾಗೆ ಹೋದೆ. ಒಳಗೆ ಹೆಂಗಸರು ಉಡಿ ತುಂಬುವ ಗಡಿಬಿಡಿಯಲ್ಲಿದ್ದರು. ಕೂಸನ್ನು ನನ್ನ ಕೈಗೆ ಕೊಟ್ಟು, ಹೊರಗೆ ಬಿಸಿಲಿಗೆ ನಿಲ್ಲಲು ಹೇಳಿದರು. ಹಿತ್ತಿಲಿಗೆ ಹೋದರೆ ಷಡ್ಡಕರು ಕಟ್ಟೆಯ ಬಳಿ ಕೂತು ಡಬ್ಬಿಯ ಕಾಲಿನ ಬೋಲ್ಟು ಬಿಚ್ಚುತ್ತಿದ್ದರು.

"ಅಣ್ಣಾರ, ಇದೇನ್ರಿ?"

"ಹುಬ್ಬಳ್ಳಿ ಮೆಕ್ಯಾನಿಕ್‌ಗೆ ಹೇಳೇನಿ. ಪೈಪಿನ ಕೆಲಸ ಅಂವಾ ಮಾಡ್ತಾನ. ನಿಮ್ಮ ಮನಿಯಾಗ ಕೂಡಸೋಣು. ಮುಂದ ಬ್ಯಾಸಿಗಿ ಬಂತು, ಕೂಸು ತಡಿಯೂದಿಲ್ಲ." ಅವರು ತಲೆ ಎತ್ತಲಿಲ್ಲ. "ನಿಮ್ಮ ಹಿಂದಿನ ಗ್ವಾಡಿಗೆ ನೆರಳು ಐತಿ. ನೋಡಿ ಬಂದೇನಿ."

ಹೇಳಬೇಕೆಂದರೆ ನನಗೆ ಕುಣಿಯುವಷ್ಟು ಸಂತೋಷವಾಗಬೇಕಿತ್ತು. ಇಷ್ಟು ಕಾಲ ಹೊಟ್ಟೆ ಉರಿಸಿದ್ದು ತಾನಾಗಿ ನನ್ನ ಮನೆಗೆ ಬರುತ್ತಿದೆ! ಆದರೆ ಆಗಲಿಲ್ಲ. ಕೂಸು ಅವರ ದನಿ ಕೇಳಿ ನನ್ನ ಹೆಗಲ ಮೇಲಿಂದ ಅತ್ತ ತಲೆ ತಿರುಗಿಸಿ ಕೈಕಾಲು ಬಡಿಯುತ್ತಿತ್ತು.

"ಒಂದೀಟು ಹಿಡೀರಿ ಅಣ್ಣಾರ, ನಿಮ್ಮ ಕಡೆ ಬರಾಕತ್ತೈತಿ" ಎಂದೆ.

ಷಡ್ಡಕರು ಗಡಬಡಿಸಿ ಹಿಂದಕ್ಕೆ ಸರಿದರು. "ಬ್ಯಾಡ ಬ್ಯಾಡ. ನಿನ್ನ ಕಡೇನ ಇರ್ಲಿ."

"ಯಾಕ್ರಿ, ಕೈ ಹೊಲಸ ಅದಾವನ? ತೊಳಕೋರಿ."

ಅವರು ಸ್ಪಾನರನ್ನು ಕೆಳಗಿಟ್ಟು ಅಂಗೈ ನೋಡಿಕೊಂಡರು. "ನಮ್ಮದು ಒಂದು ಇತ್ತು. ನಿನ್ನ ಲಗ್ನಕ್ಕಿಂತ ಮೊದಲು. ಇದರಂಗನ ದಿನಾ ತುಂಬೂ ಮೊದಲ ಬಂದಿತ್ತು. ಆಗೂ ಚಳಿಗಾಲ. ನನ್ನ ಕೈಯಾಗನ ಹೋತು. ಅದಕ್ಕ ನಿನ್ನ ಕೂಸಿಗೆ ಕೈ ಹಚ್ಚಿಲ್ಲ. ಯಾಕ ಬೇಕು, ನನ್ನ ಕೈ ಎಂಥಾದೈತೋ ಏನೋ."

ನನಗೆ ಇದು ಗೊತ್ತಿರಲಿಲ್ಲ. ನನ್ನ ಹೆಂಡತಿಗೆ ಗೊತ್ತಿತ್ತು, ಅತ್ತೆಗೆ ಗೊತ್ತಿತ್ತು. ಮೊದಲು ಅವರ ಗಾಯ ಕೆದಕಬಾರದೆಂದು, ಆಮೇಲೆ ಬಸುರಿಯಿರುವ ಮನೆಯಲ್ಲಿ ಅಂಥ ಮಾತು ಆಡಬಾರದೆಂದು ಯಾರೂ ಬಾಯಿ ಬಿಟ್ಟಿರಲಿಲ್ಲ. ಚಳಿಗಾಲವೆಲ್ಲ ಕಣ್ಣ ಮುಂದೆ ಬಂತು. ಎಲ್ಲರೂ ಎತ್ತಿಕೊಂಡಿದ್ದರು. ಪಕ್ಕದ ಮನೆಯ ಅಜ್ಜಿ ಎತ್ತಿಕೊಂಡಿದ್ದಳು, ಹಾಲಿನವಳು ಎತ್ತಿಕೊಂಡಿದ್ದಳು. ಈ ಮನುಷ್ಯ ಮಾತ್ರ ಗೋಡೆಯ ಆಚೆ ನಿಂತಿದ್ದ. ಕೋಣೆಯೊಳಗೆ ಅವರು ಕಾಲಿಟ್ಟದ್ದನ್ನೇ ನಾನು ನೋಡಿರಲಿಲ್ಲ.

ಕೂಸನ್ನು ಅವರ ಇನ್ನಷ್ಟು ಹತ್ತಿರ ಒಯ್ದು ಹೇಳಿದೆ:

"ಅಣ್ಣಾರ, ಬೋಲ್ಟು ಹಚ್ಚಿಬಿಡ್ರಿ. ಇದು ಇಲ್ಲೇ ಇರ್ಲಿ. ಬ್ಯಾಸಿಗಿಗೂ ಕೂಸು ಇಲ್ಲಿಗೇ ಬರತೈತಿ, ಚಳಿಗೂ ಇಲ್ಲಿಗೇ ಬರತೈತಿ. ಈಗ ಹಿಡೀರಿ ಇದನ್ನ. ಚಳಿ ಬಡೀದಂಗ ಕಾಯ್ದ ಕೈ ಅದು. ನನಗ ಅದರ ಮ್ಯಾಲ ಧೈರ್ಯ ಐತಿ."

ಅವರು ಎದ್ದು ನಲ್ಲಿಯ ಹತ್ತಿರ ಹೋಗಿ, ಸಾಬೂನು ಹಚ್ಚಿ, ಮೊಣಕೈಯವರೆಗೆ ತೊಳೆದುಕೊಂಡು ಬಂದರು. ನಿಂತು ಹಿಡಿಯಲು ಧೈರ್ಯ ಸಾಲಲಿಲ್ಲವೇನೋ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಎರಡೂ ಕೈ ಮುಂದೆ ಚಾಚಿ, "ಈಗ ಕೊಡು" ಎಂದರು.